ಕಂಡರ ಒತ್ರಿ, ಕಾಣ್ಲಿಲ್ಲಂದ್ರ ಬಿಡ್ರಿ: ಫೀಲ್ಡ್ ಟೆಸ್ಟಿಗೆ ಹೋಗುವವರಿಗೆ ಹದಿನೈದು ಸೂತ್ರ

ಮಹಾರಾಷ್ಟ್ರದ ಗಡಿಯ ಮಾಕಣಿ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಮನೆಗಳಲ್ಲಿ ಕಣ್ಣಿನ ಬೇನೆ ಎಂದರೆ ಮೊದಲು ನೆನಪಾಗುವುದು ಮೋತಿಬಿಂದು, ಅಂದರೆ ಕಣ್ಣಿನ ಪೊರೆ. ಅದು ಸಹಜವೇ. ಕರ್ನಾಟಕದ ಕಡೆ ಬೀಳಗಿಯ ಡಾ. ಎಂ. ಸಿ. ಮೋದಿ ಊರೂರಿಗೆ ಕಣ್ಣಿನ ಶಿಬಿರ ಒಯ್ದರು. ಮರಾಠವಾಡದ ಕಡೆ ಲಾತೂರ ಜಿಲ್ಲೆಯ ಮಾಕೆಗಾವದಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಹೆಸರಾದ ಡಾ. ತಾತ್ಯಾರಾವ್ ಲಹಾನೆ ಲಕ್ಷಕ್ಕೂ ಮಿಕ್ಕಿ ಶಸ್ತ್ರಕ್ರಿಯೆ ಮಾಡಿ 2008ರಲ್ಲಿ ಪದ್ಮಶ್ರೀ ಪಡೆದರು. ಹಾಗಾಗಿ ಇಲ್ಲಿನವರ ಮನಸ್ಸಿನಲ್ಲಿ ಕಣ್ಣಿನ ಇಲಾಜಿನ ಚಿತ್ರ ಒಂದೇ: ಮುತ್ಯಾ ಶಿಬಿರಕ್ಕೆ ಹೋದ, ಆಪರೇಷನ್ ಆಯಿತು, ಪಟ್ಟಿ ಬಿಚ್ಚಿದ ಮೇಲೆ ಮೊಮ್ಮಗನ ಮುಖ ಕಂಡಿತು.

ಕಾಚಬಿಂದು, ಅಂದರೆ ಗ್ಲಾಕೋಮಾ, ಈ ಚಿತ್ರದೊಳಗೆ ಕೂಡುವುದಿಲ್ಲ. ಅದರಲ್ಲಿ ಹೋದ ದೃಷ್ಟಿ ಯಾವ ಆಪರೇಷನ್ನಿಗೂ ಮರಳುವುದಿಲ್ಲ. ಬಹುಮಟ್ಟಿಗೆ ನೋವೂ ಇಲ್ಲದೆ, ಬದಿಯ ನೋಟದಿಂದ ಶುರುವಾಗಿ, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚಿಹಾಕುತ್ತ ಅದು ವರ್ಷಗಟ್ಟಲೆ ಸಾಗುತ್ತದೆ. ಭಾರತದಲ್ಲಿ ನಲವತ್ತು ದಾಟಿದವರಲ್ಲಿ ಸುಮಾರು 1.12 ಕೋಟಿ ಜನರಿಗೆ ಈ ರೋಗ ಇದೆ ಎಂಬುದು 2010ರಲ್ಲಿ ಪ್ರಕಟವಾದ ಅಂದಾಜು. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಸಿಕ್ಕ ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ತಮಗೆ ರೋಗ ಇರುವುದೇ ಗೊತ್ತಿರಲಿಲ್ಲ.

ಗೊತ್ತಾದ ಮೇಲಿನ ಹಾದಿಯಲ್ಲಿ ಬರುವುದು ಫೀಲ್ಡ್ ಟೆಸ್ಟ್. ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ದೀಪ ಮಿನುಗಿದಾಗ ಗುಂಡಿ ಒತ್ತುವ ಪರೀಕ್ಷೆ. ನೋಟದ ಯಾವ ಮೂಲೆ ಸವೆದಿದೆ, ಹಾಕುತ್ತಿರುವ ಹನಿ ಸಾಕೋ ಸಾಲದೋ ಎಂಬ ತೀರ್ಮಾನ ಇದರ ಮೇಲೆ ನಿಂತಿದೆ. ಯಂತ್ರಕ್ಕೆ ಲಕ್ಷಗಟ್ಟಲೆ ರೂಪಾಯಿ ಸುರಿದರೂ ಅದು ತಾನಾಗಿ ಏನನ್ನೂ ನೋಡುವುದಿಲ್ಲ. ಗುಂಡಿ ಹಿಡಿದ ಬೆರಳು ಹೇಳಿದ್ದನ್ನು ಬರೆದುಕೊಳ್ಳುತ್ತದೆ, ಅಷ್ಟೇ. ಆದ್ದರಿಂದ ಪರೀಕ್ಷೆ ಸುಧಾರಿಸುವ ಕೆಲಸದಲ್ಲಿ ಅರ್ಧ ಪಾಲು ರೋಗಿಯದು, ಜೊತೆಗೆ ಹೋದವರದು ಮತ್ತು ಯಂತ್ರದ ಪಕ್ಕ ನಿಂತ ಹುಡುಗ ಅಥವಾ ಹುಡುಗಿಯದು. ಈ ಸೂತ್ರಗಳು ಮೂವರಿಗೂ.

1. ಅರ್ಧ ದೀಪ ಕಾಣುವುದಿಲ್ಲ ಎಂದು ಮೊದಲೇ ಹೇಳಿಬಿಡಿ

ಉಳಿದ ಹದಿನಾಲ್ಕನ್ನು ಮರೆತರೂ ಇದೊಂದನ್ನು ಮರೆಯಬೇಡಿ. ಈ ಯಂತ್ರ ಒಂದೊಂದು ಜಾಗದಲ್ಲೂ ಅತಿ ಮಂದವಾದ ಯಾವ ಬೆಳಕು ನಿಮಗೆ ಕಾಣುತ್ತದೆ ಎಂದು ಹುಡುಕುತ್ತದೆ. ಕಂಡಿತೆಂದು ಒತ್ತಿದರೆ ಮುಂದಿನ ಸಲ ಅಲ್ಲಿ ಇನ್ನೂ ಮಂದ ದೀಪ ಹಾಕುತ್ತದೆ. ಒತ್ತದಿದ್ದರೆ ಸ್ವಲ್ಪ ಹೆಚ್ಚಿಸುತ್ತದೆ. ಹೀಗಾಗಿ ಪೂರಾ ಗಟ್ಟಿ ಕಣ್ಣಿನ ಇಪ್ಪತ್ತರ ಹುಡುಗನಿಗೂ ಅರ್ಧಕ್ಕರ್ಧ ದೀಪ ಕಾಣುವುದಿಲ್ಲ. ಕಾಣದಿರಲಿ ಎಂದೇ ಯಂತ್ರವನ್ನು ಕಟ್ಟಿರುವುದು.

ಇದನ್ನು ಯಾರೂ ಹೇಳುವುದಿಲ್ಲ. ಕತ್ತಲ ಕೋಣೆಯಲ್ಲಿ ಕುಳಿತ ಆಯಿಗೆ ದೀಪ ಕಾಣದೆ ಎಷ್ಟೋ ಹೊತ್ತಾದಾಗ ಎದೆ ಡವಡವ ಅನ್ನುತ್ತದೆ. ‘ನನ್ನ ಕಣ್ಣು ಹೋದವು’ ಅಂದುಕೊಂಡು ಒಂದೋ ಸುಮ್ಮನೆ ಗುಂಡಿ ಒತ್ತುತ್ತಾಳೆ, ಇಲ್ಲ ಕಣ್ಣನ್ನು ಅತ್ತಿತ್ತ ಹೊರಳಿಸಿ ದೀಪ ಹುಡುಕುತ್ತಾಳೆ. ಎರಡರಿಂದಲೂ ವರದಿ ಕೆಡುತ್ತದೆ. ಪಾಸು, ನಪಾಸು ಎಂಬುದು ಇಲ್ಲಿ ಇಲ್ಲ ಎಂದು ಮನೆಯಲ್ಲೇ ತಿಳಿಸಿ ಕರೆದೊಯ್ಯಿರಿ.

2. ಹೊರಡುವ ಮೊದಲು ಫೋನ್ ಮಾಡಿ

ಉದಗೀರದಲ್ಲಿ ಲಾಯನ್ಸ್ ಕಣ್ಣಾಸ್ಪತ್ರೆ ಇದೆ. ಉಮರ್ಗಾದವರಿಗೆ ಹೆದ್ದಾರಿ ಹಿಡಿದರೆ ಒಂದು ಕಡೆ ಸೊಲ್ಲಾಪುರ, ಇನ್ನೊಂದು ಕಡೆ ಹೈದರಾಬಾದು. ನಿಲಂಗಾದವರು ಲಾತೂರಿಗೋ ಬೀದರಿಗೋ ಹೋಗುತ್ತಾರೆ, ಕೆಲವರು ಕಲಬುರಗಿಗೆ. ಎಲ್ಲಿಗೇ ಹೋಗಿ, ಮೂರು ಪ್ರಶ್ನೆ ಕೇಳಿ: ಫೀಲ್ಡ್ ಯಂತ್ರ ಈಗ ನಡೆಯುತ್ತಿದೆಯೇ, ಅದನ್ನು ನಡೆಸುವವರು ಇವತ್ತು ಇದ್ದಾರೆಯೇ, ಹೊತ್ತು ಮೊದಲೇ ಬರೆಸಬೇಕೇ? ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಹೋದವರು ಬರಿಗೈಲಿ ಬಂದರೆ ಎರಡನೇ ಸಲ ಹೋಗುವುದಿಲ್ಲ.

3. ಬೆಳಗಿನ ಸರದಿ ಹಿಡಿಯಿರಿ, ಹೊಟ್ಟೆ ಖಾಲಿ ಬೇಡ

ದಣಿದ ಮಿದುಳು ಮಂದ ದೀಪವನ್ನು ಬಿಟ್ಟುಬಿಡುತ್ತದೆ, ಇಲ್ಲದ ಕೊರತೆ ಕಾಗದದ ಮೇಲೆ ಮೂಡುತ್ತದೆ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಇಳಿದು ನೇರ ಯಂತ್ರದ ಮುಂದೆ ಕೂಡಬೇಡಿ. ಸಾಧ್ಯವಿದ್ದರೆ ಹಿಂದಿನ ದಿನವೇ ನೆಂಟರ ಮನೆಯಲ್ಲಿ ತಂಗಿ. ಸಕ್ಕರೆ ಕಾಯಿಲೆ ಇದ್ದವರು ಉಂಡು, ಗುಳಿಗೆ ತೆಗೆದುಕೊಂಡೇ ಹೋಗಬೇಕು. ಕಣ್ಣಿನ ಹನಿಯನ್ನು ಅವತ್ತೂ ತಪ್ಪಿಸಬೇಡಿ. ವೈದ್ಯರು ಬೇರೆ ಹೇಳಿದ್ದರೆ ಮಾತ್ರ ಅದು ಬೇರೆ. ಒಳಗೆ ಹೋಗುವ ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಹೇಳಲು ಇದೇನು ಸಣ್ಣ ಮಾತು ಎನ್ನಿಸಬಹುದು. ಎಪ್ಪತ್ತು ದಾಟಿದ ಗಂಡಸರನ್ನು ಕೇಳಿ ನೋಡಿ.

4. ಪಾಪೆ ಅರಳಿಸುವ ಹನಿಗೆ ಮೊದಲೇ ಫೀಲ್ಡ್ ಆಗಲಿ

ಆಸ್ಪತ್ರೆಯ ಸಾಲಿನಲ್ಲಿ ಕೂತವರ ಕಣ್ಣಿಗೆಲ್ಲ ಸಿಸ್ಟರ್ ಹನಿ ಹಾಕುತ್ತ ಬರುತ್ತಾರೆ. ಆ ಹನಿಯಿಂದ ಹತ್ತಿರದ್ದು ಮಸುಕಾಗುತ್ತದೆ. ಅದಕ್ಕೇ ಅವರು ಹತ್ತಿರ ಬರುವ ಮುಂಚೆಯೇ ‘ಇವತ್ತು ಫೀಲ್ಡ್ ಟೆಸ್ಟ್ ಅದರಿ’ ಎಂದು ಹೇಳಿಬಿಡಿ. ಕಣ್ಣಿಗೆ ಮುಟ್ಟಿಸಿ ಒತ್ತಡ ನೋಡುವ ಪರೀಕ್ಷೆಯೂ ಫೀಲ್ಡ್ ಆದ ಮೇಲೆ ಇರಲಿ.

ಇದಕ್ಕೆ ಒಂದು ಅಪವಾದ ಉಂಟು. ಕೆಲವರ ಪಾಪೆ ತೀರಾ ಕಿರಿದಾಗಿರುತ್ತದೆ. ಪೈಲೋಕಾರ್ಪಿನ್ ಹನಿ ಹಾಕುವವರಲ್ಲಿ ಇದು ಸಾಮಾನ್ಯ. ಪಾಪೆ 3 ಮಿಲಿಮೀಟರಿಗಿಂತ ಚಿಕ್ಕದಿದ್ದರೆ ಒಳಗೆ ಹೋಗುವ ಬೆಳಕೇ ಕಡಿಮೆ, ಹಾಗಾಗಿ ಇಡೀ ಫೀಲ್ಡ್ ಕುಗ್ಗಿದಂತೆ ಬರುತ್ತದೆ. ಅಂಥವರಿಗೆ ವೈದ್ಯರೇ ಪಾಪೆ ಅರಳಿಸಿ ಪರೀಕ್ಷೆ ಮಾಡಿಸಬಹುದು. ಹಾಗೆ ಮಾಡಿಸಿದರೆ ಪ್ರತಿ ಸಲವೂ ಹಾಗೆಯೇ ಮಾಡಿಸಬೇಕು, ಮತ್ತು ಅದನ್ನು ಕಾಗದದ ಮೇಲೆ ಬರೆಸಬೇಕು.

5. ಕನ್ನಡಕವನ್ನೂ ನಂಬರಿನ ಚೀಟಿಯನ್ನೂ ಒಯ್ಯಿರಿ

ಬೋಗುಣಿಯ ಗೋಡೆ ಕಣ್ಣಿನಿಂದ 30 ಸೆಂಟಿಮೀಟರ್ ದೂರದಲ್ಲಿರುತ್ತದೆ. ನಲವತ್ತು ದಾಟಿದವರಿಗೆ ಅಷ್ಟು ಹತ್ತಿರದ್ದು ಮಸುಕು. ಅದಕ್ಕಾಗಿ ಯಂತ್ರದ ಮುಂದೆ ನಿಮ್ಮ ನಂಬರಿಗೆ ಹೊಂದುವ ಬಿಡಿ ಗಾಜು ಇಡುತ್ತಾರೆ. ಮನೆಯ ಕನ್ನಡಕ, ಅದರಲ್ಲೂ ಮೇಲೊಂದು ಕೆಳಗೊಂದು ನಂಬರು ಇರುವ ಕನ್ನಡಕ, ಈ ಪರೀಕ್ಷೆಗೆ ನಡೆಯದು.

ಮೋತಿಬಿಂದಿನ ಆಪರೇಷನ್ ಆದವರ ನಂಬರು ಬದಲಾಗಿರುತ್ತದೆ. ಹಳೇ ಚೀಟಿ ತೋರಿಸಿದರೆ ಹಳೇ ಗಾಜು ಇಟ್ಟು ಕೂರಿಸುತ್ತಾರೆ, ದೀಪಗಳೆಲ್ಲ ಚದುರಿ ಮಂದವಾಗುತ್ತವೆ. ಆಪರೇಷನ್ ಆಗಿದೆಯೆಂದು ಬಾಯಿಬಿಟ್ಟು ಹೇಳಿ, ನಂಬರು ಹೊಸದಾಗಿ ತೆಗೆಸಿ. ಗಾಜು ಕಣ್ಣಿಗೆ ಹತ್ತಿರ ಇರಬೇಕು, ಆದರೆ ರೆಪ್ಪೆಗೂದಲಿಗೆ ತಾಗಬಾರದು. ಗಾಜು ದೂರವಾದರೆ ಅದರ ಅಂಚಿನ ಚೌಕಟ್ಟೇ ಅಡ್ಡ ಬಂದು, ಫೀಲ್ಡಿನ ಸುತ್ತ ಕಪ್ಪು ಉಂಗುರ ಬೀಳುತ್ತದೆ. ಅದು ಕಣ್ಣಿನ ರೋಗವಲ್ಲ, ಗಾಜು ಇಟ್ಟವರ ಅವಸರ.

6. ಟೋಪಿ, ರುಮಾಲು, ಸೆರಗು, ಕುರ್ಚಿ

ಹಣೆ ಪಟ್ಟಿಗೆ ತಾಗಬೇಕು, ಗದ್ದ ಒರಗಬೇಕು. ಗಾಂಧಿ ಟೋಪಿ, ರುಮಾಲು ತೆಗೆದು ಮಗನ ಕೈಗೆ ಕೊಡಿ. ಹೆಣ್ಣುಮಕ್ಕಳು ತಲೆ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಬೇಕಾಗುತ್ತದೆ. ಮಾವನ ಎದುರು, ಹೊರಗಿನ ಗಂಡಸರ ಎದುರು ಸೆರಗು ಸರಿಸಲು ಹಿಂಜರಿಯುವವರು ಇಂದಿಗೂ ಇದ್ದಾರೆ. ಅಂಥವರ ಜೊತೆ ಹೆಂಗಸರೇ ಹೋಗಲಿ.

ಇಳಿವಯಸ್ಸಿನಲ್ಲಿ ಮೇಲಿನ ರೆಪ್ಪೆ ಜೋತು ಬೀಳುತ್ತದೆ. ಅದನ್ನು ಹಾಗೇ ಬಿಟ್ಟರೆ ಫೀಲ್ಡಿನ ಮೇಲ್ಭಾಗ ಪೂರ್ತಿ ಕಪ್ಪು. ಒಂದು ತುಂಡು ಟೇಪಿನಿಂದ ರೆಪ್ಪೆಯನ್ನು ಮೇಲಕ್ಕೆ ಅಂಟಿಸಿದರೆ ಮುಗಿಯಿತು. ಟೆಕ್ನಿಷಿಯನ್ ಮರೆತರೆ ನೀವೇ ನೆನಪಿಸಿ.

ಕುರ್ಚಿ ಎತ್ತರವಾಗಿ ಕಾಲು ಜೋತಾಡುತ್ತಿದ್ದರೆ ಕೆಳಗೊಂದು ಮಣೆ ಇಡಿಸಿ. ಕೊರಳು ಚಾಚಿ ಕೂತ ಮುದುಕಿಗೆ ಎರಡು ನಿಮಿಷದಲ್ಲಿ ಬೆನ್ನು ಹಿಡಿಯುತ್ತದೆ, ಆಮೇಲೆ ಅವಳ ಲಕ್ಷ್ಯವೆಲ್ಲ ಬೆನ್ನಿನ ಮೇಲೆ. ಕಳೆ ಕಿತ್ತು ಬೆರಳು ಸೆಟೆದವರಿಗೆ, ವಾಯುಬೇನೆ ಇದ್ದವರಿಗೆ ಹೆಬ್ಬೆರಳಿನಿಂದ ಗುಂಡಿ ಒತ್ತುವುದು ಕಷ್ಟ. ಮುಷ್ಟಿಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಒತ್ತಲಿ. ಯಂತ್ರಕ್ಕೆ ಏನೂ ವ್ಯತ್ಯಾಸವಿಲ್ಲ.

7. ಮನೆಮಾತಿನಲ್ಲಿ ಹೇಳಿಸಿ

ಈ ಸೀಮೆಗೆ ನನ್ನ ದೃಷ್ಟಿಯಲ್ಲಿ ಮೊದಲನೆಯದನ್ನು ಬಿಟ್ಟರೆ ಇದೇ ದೊಡ್ಡ ಸೂತ್ರ. ಇಲ್ಲಿನ ಎಷ್ಟೋ ಮನೆಗಳಲ್ಲಿ ಒಲೆ ಮುಂದಿನ ಮಾತು ಕನ್ನಡ, ಸಂತೆಯ ಮಾತು ಮರಾಠಿ. ಸೊಲ್ಲಾಪುರದ ಟೆಕ್ನಿಷಿಯನ್ ಮರಾಠಿಯಲ್ಲಿ ಹೇಳುತ್ತಾನೆ, ಹೈದರಾಬಾದಿನವನು ತೆಲುಗು ಬೆರೆತ ಹಿಂದಿಯಲ್ಲಿ. ಆಯಿ ತಲೆಯಾಡಿಸುತ್ತಾಳೆ. ತಿಳಿಯಿತೇ ಎಂದರೆ ತಿಳಿಯಿತು ಎನ್ನುತ್ತಾಳೆ. ದವಾಖಾನೆಯಲ್ಲಿ ತಿಳಿಯಲಿಲ್ಲ ಎನ್ನುವುದು ಅವಳಿಗೆ ಮರ್ಯಾದೆಯ ಪ್ರಶ್ನೆ. ಆಮೇಲೆ ಬಂದ ವರದಿಯ ಮೇಲೆ ‘ನಂಬಲರ್ಹವಲ್ಲ’ ಎಂಬ ಷರಾ, ಮತ್ತೆ ಬರಲು ಇನ್ನೊಂದು ತಾರೀಖು. ಕಣ್ಣಿನ ತಪ್ಪೇನೂ ಇಲ್ಲ, ಮಾತು ಮುಟ್ಟಲಿಲ್ಲ ಅಷ್ಟೇ.

ಜೊತೆಗೆ ಹೋದ ಮಗಳೋ ಮೊಮ್ಮಗನೋ ಒಳಗೆ ಹೋಗಲು ಅನುಮತಿ ಕೇಳಿ. ಒಳಗೆ ಹೀಗೆ ಹೇಳಿದರೆ ಸಾಕು:

“ಆಯಿ, ನಡುವ ಹಳದಿ ದೀಪ ಕಾಣ್ಲಕತ್ತದಿಲ್ಲ? ಅದನ್ನೇ ನೋಡ್ಕೋತ ಕೂಡು. ಆಜುಬಾಜು ಸಣ್ಣ ಸಣ್ಣ ದೀಪ ಬರ್ತಾವ. ಕೆಲವು ಲಖ್ ಅಂತಾವ, ಕೆಲವು ಇದ್ದೂ ಇಲ್ದಂಗ ಇರ್ತಾವ. ಬಂದಂಗ ಅನಸ್ತಂದ್ರ ಗುಂಡಿ ಒತ್ತು. ಕಾಣ್ಲಿಲ್ಲಂದ್ರ ಬಿಡು, ಹುಡಕ್ಲಾಕ ಹೋಗಬ್ಯಾಡ. ಭಾಳ ದೀಪ ಯಾರಿಗೂ ಕಾಣಂಗಿಲ್ಲ, ನನಗೂ ಕಾಣಂಗಿಲ್ಲ. ಕಣ್ಣ ಪಿಳಕ್ಸು, ಅಡ್ಡಿಲ್ಲ. ದಣೀತಂದ್ರ ಗುಂಡಿ ಒತ್ತಿ ಹಿಡಿ, ಮಶೀನ ನಿಂದರ್ತದ.”

ಹೇಳಿದ ಮೇಲೆ ಒಂದು ನಿಮಿಷ ಯಂತ್ರದ ಅಭ್ಯಾಸದ ಭಾಗವನ್ನು ಹಾಕಿಸಿ. ಬೆರಳು ಸರಿಯಾಗಿ ಓಡುತ್ತಿದೆ ಎಂದು ಕಂಡ ಮೇಲೆ ನಿಜವಾದ ಪರೀಕ್ಷೆ. ಶುರುವಾದ ಮೇಲೆ ಜೊತೆಗಾರರು ಸುಮ್ಮನಿರಬೇಕು. ‘ಅಗಾ ಬಂತು, ಒತ್ತು’ ಎಂದು ಪಕ್ಕದಿಂದ ಸನ್ನೆ ಮಾಡಿದರೆ ಬರುವುದು ಮೊಮ್ಮಗನ ಫೀಲ್ಡ್, ಆಯಿಯದಲ್ಲ.

ಆಸ್ಪತ್ರೆಯವರಿಗೂ ಒಂದು ಮಾತು. ಗಡಿ ಭಾಗದಿಂದ ನಿಮ್ಮಲ್ಲಿಗೆ ಬರುವವರ ಸಂಖ್ಯೆ ನಿಮಗೇ ಗೊತ್ತಿದೆ. ಮೇಲಿನ ಎಂಟೊಂಬತ್ತು ವಾಕ್ಯವನ್ನು ಕನ್ನಡ ಬಲ್ಲ ಯಾರಿಂದಾದರೂ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಟ್ಟುಕೊಳ್ಳಲು ಖರ್ಚೇನೂ ಇಲ್ಲ. ಕಿವಿ ಮಂದವಿದ್ದವರಿಗೆ ದೀಪ ಆರಿಸುವ ಮೊದಲೇ, ಮುಖ ನೋಡಿ ಹೇಳಿ.

8. ಅರ್ಜುನನಾಗಬೇಡಿ

ನಡುವಿನ ದೀಪದ ಮೇಲೆ ಕಣ್ಣು ನೆಡಿ ಎಂದ ಕೂಡಲೇ ನಮ್ಮವರಿಗೆ ದ್ರೋಣರ ಪಾಠ ನೆನಪಾಗುತ್ತದೆ. ಹಕ್ಕಿಯ ಕಣ್ಣು ಬಿಟ್ಟು ಮರವೂ ಕಾಣುವುದಿಲ್ಲ, ಕೊಂಬೆಯೂ ಕಾಣುವುದಿಲ್ಲ ಎಂದ ಅರ್ಜುನನನ್ನು ಈ ಯಂತ್ರದ ಮುಂದೆ ಕೂರಿಸಿದ್ದರೆ, ಕೊನೆಯ ಹಂತದ ಗ್ಲಾಕೋಮಾ ಎಂದು ಬರೆದು ಕಳಿಸುತ್ತಿದ್ದರು. ಇಲ್ಲಿ ಬೇಕಾದದ್ದು ಬೇರೆ: ಕಣ್ಣು ನಡುವೆ, ಲಕ್ಷ್ಯ ಸುತ್ತಲೂ. ರಸ್ತೆಯ ಮೇಲೆ ನೋಟವಿಟ್ಟೇ ಬದಿಯಿಂದ ನುಗ್ಗಿದ ಎಮ್ಮೆಯನ್ನು ಗಮನಿಸುತ್ತೇವಲ್ಲ, ಆ ಬಗೆಯ ಎಚ್ಚರ.

ಕಣ್ಣು ಅಲುಗುತ್ತಿದೆಯೇ ಎಂದು ಯಂತ್ರ ಉಪಾಯದಿಂದ ನೋಡಿಕೊಳ್ಳುತ್ತದೆ. ಎಲ್ಲರ ನೋಟದಲ್ಲೂ, ನಡುವಿನಿಂದ ಕಿವಿಯ ಕಡೆಗೆ ಸುಮಾರು 15 ಡಿಗ್ರಿ ದೂರದಲ್ಲಿ, ಏನೂ ಕಾಣದ ಒಂದು ಸಹಜ ಕುರುಡು ಚುಕ್ಕೆ ಇರುತ್ತದೆ. ನರ ಕಣ್ಣಿನಿಂದ ಹೊರಬೀಳುವ ಜಾಗದಿಂದ ಆಗುವ ಚುಕ್ಕೆ ಅದು. ಯಂತ್ರ ನಡುನಡುವೆ ಅಲ್ಲೇ ದೀಪ ಹಾಕುತ್ತದೆ. ಕಂಡಿತೆಂದು ಒತ್ತಿದರೆ ಕಣ್ಣು ಜಾಗ ಬಿಟ್ಟಿದೆ ಎಂದರ್ಥ. ಇಂಥ ತಪ್ಪು ಶೇಕಡಾ 20 ಮೀರಿದರೆ ವರದಿಯ ಮೇಲೆ ಗುರುತು ಬೀಳುತ್ತದೆ.

9. ತಾಳ ಹಿಡಿಯಬೇಡಿ

ದೀಪಗಳು ಒಂದು ಲಯದಲ್ಲಿ ಬರುತ್ತವೆ. ಭಜನೆಯಲ್ಲಿ ತಾಳ ಹಿಡಿದು ರೂಢಿಯಾದ ಕೈ ಆ ಲಯಕ್ಕೆ ಒಗ್ಗಿ, ದೀಪ ಬರಲಿ ಬಿಡಲಿ, ಒತ್ತುತ್ತ ಹೋಗುತ್ತದೆ. ಒಳ್ಳೆಯ ಅಂಕ ಬರಲಿ ಎಂಬ ಆಸೆಯಿಂದ ಒತ್ತುವವರೂ ಇದ್ದಾರೆ. ಅಪಾಯ ಇರುವುದು ಇಲ್ಲೇ. ತಪ್ಪಿ ಬಿಟ್ಟ ದೀಪಗಳು ರೋಗವನ್ನು ದೊಡ್ಡದು ಮಾಡಿ ತೋರಿಸುತ್ತವೆ, ವೈದ್ಯರಿಗೆ ಅನುಮಾನ ಬಂದು ಮತ್ತೆ ನೋಡುತ್ತಾರೆ. ಸುಮ್ಮಸುಮ್ಮನೆ ಒತ್ತಿದ್ದು ರೋಗವನ್ನೇ ಮುಚ್ಚಿಡುತ್ತದೆ. ಸುಳ್ಳು ಒತ್ತುವಿಕೆ ಶೇಕಡಾ 15 ದಾಟಿದ ವರದಿಯನ್ನು ನಂಬಬಾರದು. ಟೆಕ್ನಿಷಿಯನ್ ಪರದೆ ನೋಡುತ್ತಿದ್ದರೆ ಇದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಆಗಲೇ ನಿಲ್ಲಿಸಿ, ಮತ್ತೊಮ್ಮೆ ತಿಳಿಹೇಳಿ, ಮೊದಲಿನಿಂದ ಶುರುಮಾಡುವುದು ಲೇಸು. ಯಂತ್ರಕ್ಕೆ ರೋಗಿಯನ್ನು ಒಪ್ಪಿಸಿ ಚಹಾಕ್ಕೆ ಹೋದರೆ ಇದು ಯಾರಿಗೂ ತಿಳಿಯದು.

10. ದಣಿದರೆ ಗುಂಡಿ ಒತ್ತಿ ಹಿಡಿಯಿರಿ

ಹಂಫ್ರಿ ಎಂಬ ಫೀಲ್ಡ್ ಯಂತ್ರದಲ್ಲಿ ಗುಂಡಿಯನ್ನು ಒತ್ತಿ ಹಿಡಿದರೆ ಪರೀಕ್ಷೆ ನಿಂತಿರುತ್ತದೆ, ಬಿಟ್ಟರೆ ಮುಂದುವರಿಯುತ್ತದೆ. ಕಣ್ಣು ಒಣಗಿ ಉರಿದರೆ ಹೀಗೆ ನಿಲ್ಲಿಸಿ, ನಾಲ್ಕು ಸಲ ಪಿಳುಕಿಸಿ. ಒಂದು ಕಣ್ಣು ಆದ ಮೇಲೆ ಐದು ನಿಮಿಷ ಹೊರಗೆ ಕೂತು ಬರುವುದಕ್ಕೆ ಸಂಕೋಚ ಬೇಡ.

11. ಹುಟ್ಟಿದ ತಾರೀಖು ಒಂದೇ ಇರಲಿ

ಫೀಲ್ಡ್ ಯಂತ್ರ ನಿಮ್ಮನ್ನು ನಿಮ್ಮದೇ ವಯಸ್ಸಿನ ಆರೋಗ್ಯವಂತರ ಜೊತೆ ಹೋಲಿಸುತ್ತದೆ. ವಯಸ್ಸು ಏರಿದಂತೆ ಎಲ್ಲರ ಕಣ್ಣೂ ಸ್ವಲ್ಪ ಸ್ವಲ್ಪ ಮಂದವಾಗುವುದರಿಂದ ವಯಸ್ಸು ತಪ್ಪಾದರೆ ಹೋಲಿಕೆಯೂ ತಪ್ಪಿತು.

ನಮ್ಮ ಕಡೆ ಹಿರಿಯರ ವಯಸ್ಸು ಕ್ಯಾಲೆಂಡರಿನಲ್ಲಿ ಇಲ್ಲ. ‘ರಜಾಕಾರರ ಗದ್ದಲದಾಗ ನಾ ತೊಡಿಮ್ಯಾಗಿನ ಕೂಸು’ ಎಂದರೆ 1948ರ ಆಚೀಚೆ. ‘ಎಪ್ಪತ್ತೆರಡರ ಬರದಾಗ ಲಗ್ನಾತು’ ಎಂದರೆ ಇನ್ನೊಂದು ಲೆಕ್ಕ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಮನೆಯ ಜೊತೆ ಕಾಗದಪತ್ರವನ್ನೂ ಕಳೆದುಕೊಂಡವರು ಈ ಭಾಗದಲ್ಲಿ ಇದ್ದಾರೆ. ಆಧಾರ್ ಕಾರ್ಡಿನಲ್ಲಿ ಎಷ್ಟೋ ಹಿರಿಯರು ಜನವರಿ ಒಂದರಂದೇ ಹುಟ್ಟಿದ್ದಾರೆ. ಇರಲಿ, ತಾರೀಖು ಅಂದಾಜಿನದಾದರೂ ತೊಂದರೆ ಸಣ್ಣದು. ಒಂದು ಸಲ 1948, ಇನ್ನೊಂದು ಸಲ 1955 ಎಂದು ಬರೆಸುವುದೇ ದೊಡ್ಡ ತೊಂದರೆ. ಯಂತ್ರ ಅದನ್ನು ಬೇರೊಬ್ಬ ರೋಗಿ ಎಂದು ತಿಳಿಯುತ್ತದೆ, ಹಳೆಯ ಪರೀಕ್ಷೆಗಳ ಸರಪಳಿ ತುಂಡಾಗುತ್ತದೆ.

ಹೆಸರಿನ ಕತೆಯೂ ಅದೇ. ಮಹಾರಾಷ್ಟ್ರದಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂಬ ಕ್ರಮ; ಕಲಬುರಗಿಯಲ್ಲಿ ಬರೆಸುವಾಗ ಅಡ್ಡಹೆಸರು ಬಿಟ್ಟುಹೋಗುತ್ತದೆ. ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೇ ಹೆಸರು ಮತ್ತು ತಾರೀಖನ್ನು ಕಣ್ಣಿನ ಫೈಲಿನ ರಟ್ಟಿನ ಮೇಲೆ ದೊಡ್ಡದಾಗಿ ಬರೆದಿಡಿ. ಕೌಂಟರಿನಲ್ಲಿ ಬಾಯಲ್ಲಿ ಹೇಳಬೇಡಿ, ರಟ್ಟು ತೋರಿಸಿ.

12. ಒಂದು ಚೀಟಿಯಿಂದ ತೀರ್ಮಾನಕ್ಕೆ ಬರಬೇಡಿ

ಮೊದಲ ಫೀಲ್ಡ್ ಬಹುಮಂದಿಗೆ ಕೆಟ್ಟದ್ದೇ ಬರುತ್ತದೆ. ಎರಡನೆಯದು, ಮೂರನೆಯದು ಕಲಿಕೆಯಿಂದಲೇ ಸುಧಾರಿಸುತ್ತದೆ. ಕಣ್ಣು ಸುಧಾರಿಸಿತು ಎಂದು ಅದರ ಅರ್ಥವಲ್ಲ. ಮೃಗಶಿರಾ ಮಳೆ ಒಂದು ದಿನ ಸುರಿದದ್ದನ್ನು ನೋಡಿ ವರ್ಷದ ತೊಗರಿ ಬೆಳೆಯ ಲೆಕ್ಕ ಹೇಳಲಾಗದು, ಒಂದು ಫೀಲ್ಡ್ ನೋಡಿ ಕಣ್ಣಿನ ಭವಿಷ್ಯವನ್ನೂ ಹೇಳಲಾಗದು. ಗ್ಲಾಕೋಮಾದಲ್ಲಿ ವೈದ್ಯರು ಹುಡುಕುವುದು ಇಳಿಜಾರನ್ನು: ಎಷ್ಟು ವೇಗವಾಗಿ ಕುಸಿಯುತ್ತಿದೆ?

ಕೆನಡಾದ ಬಲವಂತರಾಯ್ ಚೌಹಾನ್ ಮತ್ತು ಸಂಗಡಿಗರು 2008ರಲ್ಲಿ ಲೆಕ್ಕ ಹಾಕಿ ಒಂದು ಸಲಹೆ ಕೊಟ್ಟರು. ವೇಗವಾಗಿ, ಅಂದರೆ ವರ್ಷಕ್ಕೆ 2 ಡೆಸಿಬೆಲ್ಲಿನಂತೆ (ಫೀಲ್ಡ್ ಅಳೆಯುವ ಮಾನ ಅದು), ಕುಸಿಯುವ ಕಣ್ಣನ್ನು ಬೇಗ ಹಿಡಿಯಬೇಕಾದರೆ ರೋಗ ತಿಳಿದ ಮೊದಲ ಎರಡು ವರ್ಷದಲ್ಲಿ ಆರು ಫೀಲ್ಡ್ ಬೇಕು. ಮಾಕಣಿಯ ರೈತನಿಗೆ ಆರು ಸಲ ಊರು ಬಿಡುವುದು ಸುಲಭವಲ್ಲ, ಒಪ್ಪುತ್ತೇನೆ. ಎಲ್ಲರಿಗೂ ಆರು ಬೇಕೆಂದೂ ಇಲ್ಲ. ಆದರೆ ವರ್ಷಕ್ಕೊಂದು ಮಾಡಿಸಿ ನೆಮ್ಮದಿಯಾಗಿರುವವರು, ರೋಗ ಓಡುತ್ತಿದೆ ಎಂದು ತಿಳಿಯುವ ಹೊತ್ತಿಗೆ ಬಹಳ ಕಳೆದುಕೊಂಡಿರುತ್ತಾರೆ. ನಿಮಗೆ ಎಷ್ಟು ಬೇಕು ಎಂದು ವೈದ್ಯರನ್ನು ನೇರ ಕೇಳಿ. ಹನಿ ತರಲು ಹೇಗೂ ಪೇಟೆಗೆ ಹೋಗುತ್ತೀರಿ, ಆ ದಿನಕ್ಕೇ ಫೀಲ್ಡನ್ನೂ ಜೋಡಿಸಿಕೊಳ್ಳಿ.

ಇನ್ನೊಂದು: ಯಂತ್ರ ಬದಲಿಸಬೇಡಿ. ಹಂಫ್ರಿ ಯಂತ್ರದ ಅಂಕಿಯನ್ನು ಆಕ್ಟೋಪಸ್ ಎಂಬ ಇನ್ನೊಂದು ಯಂತ್ರದ ಅಂಕಿಯ ಪಕ್ಕ ಇಟ್ಟು ತೂಗಲು ಬರುವುದಿಲ್ಲ. ಒಂದೇ ಯಂತ್ರದಲ್ಲೂ ಪ್ರೋಗ್ರಾಂ ಒಂದೇ ಇರಬೇಕು. ಹಿಂದೆ ಒಂದು ಕಣ್ಣಿಗೆ ಕಾಲು ಗಂಟೆ ತಿನ್ನುತ್ತಿದ್ದ ಪರೀಕ್ಷೆಯನ್ನು 1997ರ ಹೊತ್ತಿಗೆ ಸ್ವೀಡನ್ನಿನವರು ಸೀಟಾ ಎಂಬ ಲೆಕ್ಕಾಚಾರದಿಂದ ಅರ್ಧಕ್ಕೆ ಇಳಿಸಿದರು. ಈಗಿನ ಸೀಟಾ ಫಾಸ್ಟರ್ ಒಂದು ಕಣ್ಣಿಗೆ ಎರಡು ಮೂರು ನಿಮಿಷದಲ್ಲೇ ಮುಗಿಯುತ್ತದೆ. ಕೂತು ಬಳಲುವ ಹಿರಿಯರಿಗೆ ಇದು ವರ. ಯಾವುದನ್ನು ಆರಿಸಿದರೂ ಮುಂದಿನ ಸಲವೂ ಅದನ್ನೇ ಹಾಕಿಸಿ.

13. ಕಪ್ಪು ಕಂಡು ಹೆದರಬೇಡಿ, ಮೂಲೆಯ ಅಂಕಿ ಓದಿ

ವರದಿಯ ಮೇಲೆ ಬೂದು ಕಪ್ಪು ಬಣ್ಣದ ಚಿತ್ರ ಇರುತ್ತದೆ. ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಅದರ ಮೇಲೆ, ಮತ್ತು ಮೋಸ ಮಾಡುವುದೂ ಅದೇ. ಯಂತ್ರ ನೋಡುವುದು ಬಿಡಿ ಚುಕ್ಕೆಗಳನ್ನು. ಸಾಮಾನ್ಯವಾಗಿ ಮಾಡುವ 24-2 ಪರೀಕ್ಷೆಯಲ್ಲಿ 54 ಚುಕ್ಕೆ, ಒಂದರಿಂದ ಒಂದಕ್ಕೆ 6 ಡಿಗ್ರಿ ಅಂತರ. ನಡುವಿನ ಜಾಗಕ್ಕೆ ಬಣ್ಣ ತುಂಬಿದ್ದು ಬರೀ ಅಂದಾಜು.

ಮೇಲಿನ ಮೂಲೆಯಲ್ಲಿ ಕಣ್ಣು ಸರಿದ ಲೆಕ್ಕ, ಸುಳ್ಳು ಒತ್ತಿದ ಲೆಕ್ಕ ಇರುತ್ತದೆ. ಮೊದಲು ಅದನ್ನು ನೋಡಿ. ಅದು ಸರಿ ಇದ್ದರೆ, ಇಡೀ ಫೀಲ್ಡ್ ಸರಾಸರಿ ಎಷ್ಟು ಕುಗ್ಗಿದೆ ಎಂದು ಹೇಳುವ ಎಂಡಿ ಎಂಬ ಅಂಕಿ ನೋಡಿ. ಅದು ಸೊನ್ನೆಯ ಹತ್ತಿರ ಇದ್ದಷ್ಟೂ ಒಳ್ಳೆಯದು. ಸಾಮಾನ್ಯ ಲೆಕ್ಕದಲ್ಲಿ ಮೈನಸ್ 6ರವರೆಗೆ ಆರಂಭದ ಹಂತ, ಮೈನಸ್ 6ರಿಂದ ಮೈನಸ್ 12ರವರೆಗೆ ನಡುವಿನ ಹಂತ, ಅದಕ್ಕೂ ಕೆಳಗೆ ಇಳಿದರೆ ಗಂಭೀರ. ಆದರೆ ಮೋತಿಬಿಂದು ಇದ್ದವರಲ್ಲಿ ಇಡೀ ಫೀಲ್ಡ್ ಸಮನಾಗಿ ಮಂದವಾಗಿ ಈ ಅಂಕಿಯನ್ನು ಎಳೆದುಹಾಕುತ್ತದೆ. ಅದಕ್ಕಾಗಿ ಕೊನೆಯ ಮಾತು ವೈದ್ಯರಿಗೇ ಇರಲಿ.

14. ಯಂತ್ರಕ್ಕೆ ಕೂಡಲಾಗದವರನ್ನು ಬಿಟ್ಟುಬಿಡಬೇಡಿ

ಬೆನ್ನು ಬಾಗಿದವರು, ಪಾರ್ಶ್ವವಾಯು ಆದವರು, ಮರೆವು ಹತ್ತಿದವರು, ಎಷ್ಟು ಹೇಳಿದರೂ ಗುಂಡಿಯ ಲೆಕ್ಕ ಹಿಡಿಯದವರು ಇದ್ದೇ ಇರುತ್ತಾರೆ. ಅವರಿಗೆ ಓಸಿಟಿ ಯಂತ್ರದಿಂದ ನರದ ಪದರದ ದಪ್ಪ ಅಳೆಯಬಹುದು, ನರದ ಫೋಟೋ ತೆಗೆದು ವರ್ಷ ವರ್ಷ ಹೋಲಿಸಬಹುದು. ಇದಕ್ಕೆ ರೋಗಿಯ ಉತ್ತರ ಬೇಕಿಲ್ಲ. ಆದರೆ ಓಸಿಟಿ ನರವನ್ನು ತೋರಿಸುತ್ತದೆ, ನೋಟವನ್ನಲ್ಲ. ಫೀಲ್ಡ್ ಮಾಡಬಲ್ಲವರು ‘ಓಸಿಟಿ ಆಗಿದೆಯಲ್ಲ’ ಎಂದು ತಪ್ಪಿಸಿಕೊಳ್ಳಬಾರದು. ರೋಗ ಬಹಳ ಮುಂದುವರಿದು ನಡುವಿನ ನೋಟ ಮಾತ್ರ ಉಳಿದವರಿಗೆ 10-2 ಎಂಬ ಪರೀಕ್ಷೆ ಕೇಳಿ. ಅದು ನಡುವಿನ 10 ಡಿಗ್ರಿಯೊಳಗೆ 68 ಚುಕ್ಕೆಯನ್ನು 2 ಡಿಗ್ರಿ ಅಂತರದಲ್ಲಿ ನೋಡುತ್ತದೆ. ಮಂದ ದೀಪ ಕಾಣದವರಿಗೆ ದೊಡ್ಡ ಗಾತ್ರದ ದೀಪ ಹಾಕಿಯೂ ಅಳೆಯಬಹುದು.

ಈಚೆಗೆ ತಲೆಗೆ ಕಟ್ಟಿಕೊಳ್ಳುವ ಕನ್ನಡಕದಂಥ ಯಂತ್ರಗಳು ಬಂದಿವೆ. ಅವುಗಳಲ್ಲೊಂದು ಚೆನ್ನೈಯಲ್ಲೇ ತಯಾರಾದದ್ದು. ಕತ್ತಲ ಕೋಣೆ ಬೇಡ, ಗದ್ದ ಒರಗಿಸಬೇಕಿಲ್ಲ, ಜೀಪಿನಲ್ಲಿ ಹಳ್ಳಿಗೆ ಒಯ್ಯಬಹುದು. ಶಿಬಿರದ ಪರಂಪರೆ ಇರುವ ಈ ಸೀಮೆಗೆ ಇದರಿಂದ ಉಪಯೋಗವಾದೀತು. ಆದರೆ ದೊಡ್ಡ ಯಂತ್ರದ ಹಳೆಯ ಸರಪಳಿ ಇದ್ದವರು ಅದನ್ನು ಕಡಿದುಕೊಂಡು ಇದಕ್ಕೆ ಹಾರಬಾರದು.

ಯಂತ್ರವೇ ಸಿಗದ ಕಡೆ? ಕೋಪನ್‌ಹೇಗನ್ನಿನ ವೈದ್ಯ ಬ್ಯೆರುಮ್ 1889ರಲ್ಲಿ ತನ್ನ ಕೋಣೆಯ ಬಾಗಿಲಿನ ಹಿಂಬದಿಯನ್ನೇ ಪರದೆ ಮಾಡಿಕೊಂಡು, ಗ್ಲಾಕೋಮಾದಲ್ಲಿ ಬಿಲ್ಲಿನಂತೆ ಬಾಗಿದ ಕುರುಡು ಪಟ್ಟಿಯನ್ನು ಗುರುತಿಸಿದ. ಇಂದೂ ಆರೋಗ್ಯ ಕೇಂದ್ರದ ವೈದ್ಯರು ಯಂತ್ರವಿಲ್ಲದೆ ಎದುರು ಕೂತು, ಒಂದು ಕಣ್ಣು ಮುಚ್ಚಿಸಿ, ತಮ್ಮ ಮೂಗು ನೋಡಿಸುತ್ತ, ನಾಲ್ಕೂ ಮೂಲೆಯಲ್ಲಿ ಬೆರಳು ತೋರಿಸಿ ಎಷ್ಟು ಬೆರಳೆಂದು ಕೇಳಿದರೂ ಮುಂದುವರಿದ ರೋಗ ಸಿಕ್ಕಿಬೀಳುತ್ತದೆ. ಆರಂಭದ ರೋಗ ಇದರಲ್ಲಿ ಸಿಗದು. ಬೆರಳೆಲ್ಲ ಸರಿಯಾಗಿ ಹೇಳಿದರೆಂದು ಕಣ್ಣು ಸರಿ ಇದೆ ಎಂದು ಕಳಿಸಿಬಿಡಬೇಡಿ.

15. ಫೈಲ್ ಜೊತೆ ಅಣ್ಣತಮ್ಮಂದಿರನ್ನೂ ಕರೆದೊಯ್ಯಿರಿ

ಆದ ಪರೀಕ್ಷೆಗಳ ಕಾಗದ ಒಂದನ್ನೂ ಬಿಸಾಡಬೇಡಿ. ಮೊದಲನೆಯದನ್ನಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಫೈಲಿನಲ್ಲಿ ತಾರೀಖಿನ ಕ್ರಮದಲ್ಲಿ ಇಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಕೆಲವು ಮುದ್ರಣಗಳು ಬಿಸಿಲಿಗೆ ಮಾಸುತ್ತವೆ.

ಗ್ಲಾಕೋಮಾ ಮನೆತನದಲ್ಲಿ ಹರಿಯುವ ರೋಗ. ಒಡಹುಟ್ಟಿದವರಿಗೂ ಮಕ್ಕಳಿಗೂ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು ಅಪಾಯ. ಭಾಲ್ಕಿಗೆ ಕೊಟ್ಟ ಅಕ್ಕ, ಆಳಂದದಲ್ಲಿರುವ ತಂಗಿ, ಪುಣೆಯಲ್ಲಿ ಕೆಲಸಕ್ಕಿರುವ ತಮ್ಮ, ಇವರಲ್ಲಿ ನಲವತ್ತು ದಾಟಿದ ಎಲ್ಲರಿಗೂ ಫೋನ್ ಮಾಡಿ ನಿಮ್ಮ ರೋಗದ ಹೆಸರು ಹೇಳಿ. ಕಣ್ಣಿನ ಒತ್ತಡ ಒಂದನ್ನೇ ನೋಡಿಸಿಕೊಂಡು ಬರಬೇಡಿ, ಒತ್ತಡ ಸರಿ ಇದ್ದೂ ನರ ಸವೆದವರು ಇರುತ್ತಾರೆ. ಕಣ್ಣಿನ ಹಿಂದಿನ ನರವನ್ನೂ ನೋಡಲು ಹೇಳಿ, ಅನುಮಾನ ಬಂದರೆ ಫೀಲ್ಡ್ ಮಾಡಿಸಿ ಎಂದು ತಿಳಿಸಿ. ಮುಂದಿನ ಸಲ ನೀವು ಹೋಗುವಾಗ ಅವರಲ್ಲಿ ಒಬ್ಬರಾದರೂ ನಿಮ್ಮ ಜೊತೆ ಬಸ್ಸು ಹತ್ತಲಿ. ಜೊತೆಗಾರರೂ ಆದರು, ಅವರ ಕಣ್ಣನ್ನೂ ತೋರಿಸಿದಂತಾಯಿತು.